ಎರಡು ಇಂಚಿನ ಮೇಲೆ ಕೊಸರು

"ಈ ಗಾಡಿ ಹೊಟ್ಟಿ ಎಳಕೊಂಡು ತಿರಗೂದು ಯಾವಾಗ ಬಿಡತೈತೋ ಏನೋ?"

ಅಕ್ಕಲಕೋಟದ ಹಣಮಂತಪ್ಪನವರು ಇದನ್ನು ಯಾರಿಗೂ ಕೇಳಲಿಲ್ಲ. ಮನೆಯ ಮುಂದಿನ ಕಲ್ಲುಕಟ್ಟೆಯ ಮೇಲೆ ಕಾಲು ಮಡಚಿ ಕೂತು, ಎದುರುಮನೆಯ ನೀರಿನ ಟಾಕಿಯ ಕಡೆ ನೋಡುತ್ತ ಗಾಳಿಗೆ ಕೇಳಿದರು. ಆದರೆ ಆ ಹೊತ್ತಿನಲ್ಲಿ ಆ ಗಲ್ಲಿಯಲ್ಲಿದ್ದದ್ದು ಒಂದೇ ಗಾಡಿ. ಅದು ಸೊಲ್ಲಾಪುರದ ಬೇಳೆ ವ್ಯಾಪಾರಿ ಸಿದ್ದರಾಮಪ್ಪನವರ ಪಿಕಪ್ಪು. ಗಾಳಿಗೆ ಕೇಳಿದ ಪ್ರಶ್ನೆ ಅದನ್ನು ಓಡಿಸುತ್ತಿದ್ದ ಅವರ ಮಗನಿಗೂ, ಒಳಗಿದ್ದ ಇನ್ನಿಬ್ಬರಿಗೂ ಸರಿಯಾಗಿ ಕೇಳಿಸಿತು. ಒಬ್ಬರು ಸಿದ್ದರಾಮಪ್ಪ. ಇನ್ನೊಬ್ಬ ನಾನು, ಅವರ ಅಂಗಡಿಯ ಪಕ್ಕದಲ್ಲಿ ಊದಿನಕಡ್ಡಿ, ಕುಂಕುಮ, ವಿಭೂತಿ ಮಾರುವವನು. ನಾನು ಮಾತಿನವನಲ್ಲ. ಶ್ರಾವಣದಲ್ಲಿ ಪುರಾಣ ಹಚ್ಚಿದರೆ ಕಂಬಕ್ಕೆ ಒರಗಿ ಕೂತು ಕೇಳುವವನು. ಸಿದ್ದರಾಮಪ್ಪ ಬೀಗರ ಮನೆಗೆ ಹೋಗುವಾಗೆಲ್ಲ ನನ್ನನ್ನು ಕರೆದೊಯ್ಯುವುದು ಅದಕ್ಕೇ. ಅಲ್ಲಿ ಮಾತಾಡುವವರಿಗೆ ಕೊರತೆಯಿಲ್ಲ, ಕೇಳುವವರಿಗೆ ಇದೆ.

ಆದರೆ ಕೇಳಿಯೇ ಬೆಳೆದವನಿಗೂ ಕೆಲವು ಮಾತುಗಳು ಗಂಟಲಲ್ಲಿ ಮುಳ್ಳಾಗುತ್ತವೆ. ಪಿಕಪ್ಪಿನ ಹೊಟ್ಟೆ ತಾಗಿದ್ದು ನೆಲಕ್ಕಲ್ಲ, ಹಣಮಂತಪ್ಪನವರದೇ ಉಬ್ಬಿಗೆ. ಮಹಡಿ ಕಟ್ಟಿಸಿದಾಗ ಉಳಿದ ಸಿಮೆಂಟನ್ನು ಅವರು ಮನೆಯ ಮುಂದೆ ರಸ್ತೆಗೆ ಅಡ್ಡಲಾಗಿ ಸುರಿಸಿ, ಅದಕ್ಕೆ ಸ್ಪೀಡ್ ಬ್ರೇಕರ್ ಎಂದು ಹೆಸರಿಟ್ಟಿದ್ದರು. ಸರ್ಕಾರ ಹಾಕುವ ಉಬ್ಬು ಗಾಡಿಯ ವೇಗ ತಗ್ಗಿಸಲಿಕ್ಕೆ. ಈ ಉಬ್ಬು ಗಾಡಿಯವರ ತಲೆ ತಗ್ಗಿಸಲಿಕ್ಕೆ. ಹಾಲಿನವನು, ಗ್ಯಾಸಿನವನು, ಸ್ವಾಮಿಗಳ ದರ್ಶನಕ್ಕೆಂದು ದೂರದೂರಿನಿಂದ ಬಂದು ದಾರಿ ತಪ್ಪಿದ ಭಕ್ತರು, ಎಲ್ಲರೂ ಅಲ್ಲಿ ಬ್ರೇಕು ಒತ್ತಿ, ಒಮ್ಮೆ ಬಾಗಿ, ಎದ್ದು ಮುಂದೆ ಹೋಗಬೇಕು. ಕಟ್ಟೆಯ ಮೇಲೆ ಕೂತ ಹಣಮಂತಪ್ಪನವರು ಅದನ್ನು ತಮಗೇ ಮಾಡಿದ ನಮಸ್ಕಾರ ಎಂದು ಸ್ವೀಕರಿಸುತ್ತಿದ್ದರು.

ಸಿದ್ದರಾಮಪ್ಪ ಹೆಣ್ಣು ಕೊಟ್ಟವರು. ಮಗಳು ಪ್ರಣಿತಾ ಈ ಮನೆಯ ಸೊಸೆ. ಹೆಣ್ಣು ಕೊಟ್ಟವರಿಗೆ ಗಂಡಿನ ಕಡೆಯವರ ಮುಂದೆ ಎಷ್ಟು ಮಾತು ಬರಬೇಕೋ ಅಷ್ಟೇ ಮಾತು ಅವರಿಗೆ ಬರುತ್ತಿತ್ತು. ಮದುವೆಯಲ್ಲಿ ಬ್ಯಾಂಡು ಪಂಢರಪುರದ್ದೇ ಬೇಕೆಂದಾಗ "ಆಗಲಿ ಬೀಗರ" ಎಂದರು. ಬ್ಯಾಂಡು ಬಂದ ಮೇಲೆ ಅದು ಬಹಳ ಗದ್ದಲ ಮಾಡುತ್ತದೆ, ನಿಲ್ಲಿಸಿರಿ ಎಂದಾಗಲೂ "ಆಗಲಿ ಬೀಗರ" ಎಂದರು. ಬಜಾರದಲ್ಲಿ ಇದೇ ಸಿದ್ದರಾಮಪ್ಪ ಒಂದು ಚೀಲ ತೊಗರಿಬೇಳೆಯ ಸಲುವಾಗಿ ಲಾತೂರಿನ ದಲಾಲಿಗಳನ್ನು ಅಳಿಸಿ ಕಳಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಕ್ಕಲಕೋಟದ ಸೀಮೆ ಬಂದರೆ ಮುಗಿಯಿತು, ಆ ಮನುಷ್ಯನ ಬಾಯಲ್ಲಿ ಎರಡೇ ಶಬ್ದ.

ಆವತ್ತು ನಾವು ಹೋಗಿದ್ದು ಕುಬಸದ, ಅಂದರೆ ಸೀಮಂತದ, ದಿನ ಗೊತ್ತು ಮಾಡಲು. ಪ್ರಣಿತಾಳಿಗೆ ಏಳನೆಯ ತಿಂಗಳು. ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಚೊಚ್ಚಲ ಹೆರಿಗೆಗೆ ಮಗಳನ್ನು ಕರೆದುಕೊಂಡು ಬರುವುದು ತವರಿನ ಹಕ್ಕು. ಇದನ್ನು ನಾನು ಹೇಳಬೇಕಾಗಿಲ್ಲ, ಹಾಡಿನಲ್ಲಿ ಹೇಳಿದ್ದಾರೆ, ಪುರಾಣದಲ್ಲಿ ಹೇಳಿದ್ದಾರೆ, ದನಕರುಗಳಿಗೂ ಗೊತ್ತಿದೆ. ಸಿದ್ದರಾಮಪ್ಪನವರ ತಾಯಿ ಪಾರ್ವತಿಬಾಯಿ ಮೊಮ್ಮಗಳ ಬಾಣಂತನಕ್ಕೆಂದು ಆಗಲೇ ಕೌದಿ ಹೊಲಿದು ಬಿಸಿಲಿಗೆ ಹಾಕಿದ್ದರು. ಒಳಕೋಣೆಯ ಅಟ್ಟದ ಮೇಲಿಂದ ತೊಟ್ಟಿಲು ಇಳಿಸಿ ಅರಿಸಿನ ಹಚ್ಚಿದ್ದರು. ಆ ಹುಡುಗಿಯನ್ನು ಎತ್ತಿ ಆಡಿಸಿ ಬೆಳೆಸಿದವರೇ ಅವರು.

ಹಣಮಂತಪ್ಪನವರು ಕುಬಸಕ್ಕೆ ಅಡ್ಡಿಯಿಲ್ಲ ಎಂದರು. ಚಹಾ ಕುಡಿದರು. ಕಪ್ಪನ್ನು ಬಸಿಯಲ್ಲಿ ಬೋರಲು ಹಾಕಿ ಆಮೇಲೆ ಹೇಳಿದರು: "ಕುಬಸಾ ಮಾಡ್ರಿ, ಉಂಡು ಹೋಗ್ರಿ. ಆದ್ರ ನಮ್ಮ ಸೊಸೀನ್ನ ಈ ಗಾಡ್ಯಾಗ ಕುಂದ್ರಸಿ ನಾ ಕಳಸೂದಿಲ್ಲ. ನಮ್ಮ ಮನಿ ಮುಂದನ ಹೊಟ್ಟಿ ಬಡಕೊಳ್ಳೂ ಗಾಡಿ, ಬಸರಿ ಹೆಂಗಸಿಗೆ ಹೆಟ್ಟು ಹಾಕಲಾರದ ಬಿಡತೈತೇನು? ನೆಲಾ ಮುಟ್ಟಲಾರದ ಗಾಡಿ ತಂದ್ರ ಕರಕೊಂಡು ಹೋಗ್ರಿ. ಇಲ್ಲಾಂದ್ರ ಬಾಣಂತನ ಇಲ್ಲೇ."

ಸಿದ್ದರಾಮಪ್ಪ ಹೇಳಿದರು: "ಆಗಲಿ ಬೀಗರ."

ಬಾಗಿಲ ಹಿಂದೆ ನಿಂತಿದ್ದ ಪ್ರಣಿತಾಳ ಬಳೆಯ ಸಪ್ಪಳ ಒಮ್ಮೆ ಕೇಳಿಸಿ ನಿಂತಿತು. ಅಳಿಯ ಅಲ್ಲಿಯೇ ಇದ್ದ. ಅಪ್ಪನ ಮುಂದೆ ಅವನಿಗೆ ಆ ಎರಡು ಶಬ್ದವೂ ಬರುವುದಿಲ್ಲ.

ಬಾಡಿಗೆ ಕಾರು ತಂದರೆ ಆಗುತ್ತಿರಲಿಲ್ಲವೇ ಎಂದು ಓದುವವರು ಕೇಳಬಹುದು. ನಾವೂ ಕೇಳಿದೆವು. ಆದರೆ ಸೊಲ್ಲಾಪುರಕ್ಕೆ ಬಂದ ಸಿದ್ದರಾಮಪ್ಪ ಬೇರೆಯೇ ಮನುಷ್ಯ. ಅವಮಾನವಾದದ್ದು ತಮಗಲ್ಲ, ಗಾಡಿಗೆ. ಆದ್ದರಿಂದ ಉತ್ತರ ಕೊಡಬೇಕಾದದ್ದೂ ಗಾಡಿಯೇ ಎಂದರು. ಬಾಡಿಗೆ ಕಾರಿನಲ್ಲಿ ಹೋದರೆ ಬೀಗರು ಮತ್ತೆ ನೀರಿನ ಟಾಕಿಯ ಕಡೆ ನೋಡಿ, ಸ್ವಂತ ಗಾಡಿ ಇದ್ದವರು ಬಾಡಿಗೆ ಗಾಡಿಯಲ್ಲಿ ಯಾಕೆ ಬರುತ್ತಾರೋ ಎಂದು ಕೇಳುವುದಿಲ್ಲವೇ ಎಂದರು. ಕೇಳುತ್ತಾರೆ. ಆ ಮಾತು ನಿಜವಿತ್ತು.

ಇಲ್ಲಿಂದ ಗಾಡಿ ಎತ್ತಿಸುವ ಪುರಾಣ ಮೊದಲಾಯಿತು.

ನಮ್ಮ ಗಲ್ಲಿಯಲ್ಲಿ ದಾಮೋದರರಾಯರು ಎಂಬವರಿದ್ದಾರೆ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಯಾವ ಕಚೇರಿ ಎಂದು ಅವರು ಹೇಳುವುದಿಲ್ಲ, ಆದ್ದರಿಂದ ಎಲ್ಲ ಕಚೇರಿಗಳ ನಿಯಮವೂ ಅವರಿಗೆ ಬರುತ್ತದೆ. ಕಂಪನಿ ಮಾಡಿದ ಗಾಡಿಯನ್ನು ನಾವು ಎತ್ತರಿಸುವುದು ಕಾಯದೆಗೆ ವಿರುದ್ಧ ಎಂದು ಅವರು ಮೊದಲ ದಿನವೇ ಹೇಳಿದರು. ಗಾಡಿ ತಾಗುವುದು ಅದು ಕುಳ್ಳಗಿದೆ ಎಂದಲ್ಲ, ಅದರಲ್ಲಿ ಯಾವಾಗಲೂ ಹೊರಲಾರದಷ್ಟು ಬೇಳೆ ಇರುತ್ತದೆ ಎಂದು. ಕುಬಸದ ದಿನ ಖಾಲಿ ಗಾಡಿ ಒಯ್ದರೆ ಸಾಕು ಎಂದೂ ಹೇಳಿದರು.

ಇದು ಸರಿಯಾದ ಮಾತು. ಸರಿಯಾದ್ದರಿಂದಲೇ ಯಾರಿಗೂ ಹಿಡಿಸಲಿಲ್ಲ. ಖಾಲಿ ಗಾಡಿಯನ್ನು ಅಕ್ಕಲಕೋಟಕ್ಕೆ ಕಳಿಸುವುದು ಸಿದ್ದರಾಮಪ್ಪನವರ ಮನೆತನದಲ್ಲಿ ಆಗದ ಮಾತು. ಅವರ ಅಜ್ಜನ ಎತ್ತಿನ ಗಾಡಿಯೂ ಖಾಲಿ ಹೋಗಿರಲಿಲ್ಲ. ದೇವರಿಗೆ ಹೋದರೂ ಹಿಂದೆ ನಾಲ್ಕು ಚೀಲ, ಮದುವೆಗೆ ಹೋದರೂ ನಾಲ್ಕು ಚೀಲ.

ಬೋರಾಮಣಿ ರಸ್ತೆಯಲ್ಲಿ ಮೈಲಾರಲಿಂಗನ ಗ್ಯಾರೇಜಿದೆ. ಮೈಲಾರಲಿಂಗ ತನ್ನನ್ನು ಮೆಕ್ಯಾನಿಕ್ ಎಂದರೆ ಓ ಎನ್ನುವುದಿಲ್ಲ. ಲಿಫ್ಟ್ ಸ್ಪೆಶಲಿಸ್ಟ್ ಎನ್ನಬೇಕು. ಗೋಡೆಯ ತುಂಬ ಅವನು ಎತ್ತಿದ ಗಾಡಿಗಳ ಫೋಟೋಗಳು, ಪ್ರತಿ ಫೋಟೋದಲ್ಲೂ ಗಾಡಿಯ ಪಕ್ಕ ಎದೆ ಸೆಟೆಸಿ ನಿಂತ ಅವನು. ಹಿಂದಿನ ಅಚ್ಚಿಗೂ ಸ್ಪ್ರಿಂಗಿನ ಪಟ್ಟಿಗೂ ನಡುವೆ ಕಬ್ಬಿಣದ ತುಂಡು ಕೂರಿಸಿ, ಮುಂದಿನ ಸ್ಪ್ರಿಂಗಿನ ಮೇಲೆ ಬಳೆಯಂಥದ್ದೊಂದು ಏರಿಸಿದರೆ ಗಾಡಿ ತಾನಾಗಿ ಮೇಲೆದ್ದು ನಿಲ್ಲುತ್ತದೆ ಎಂದು ಅವನು ವಿವರಿಸಿದ. ಎಷ್ಟು ಎತ್ತಬೇಕು ಎಂದು ಕೇಳಿದ. ಎರಡು ಇಂಚು, ನಾಲ್ಕು ಇಂಚು, ಆರು ಇಂಚು, ಮೂರೂ ಇವೆ ಎಂದ.

ಸಿದ್ದರಾಮಪ್ಪ ಬಹಳ ಹೊತ್ತು ಗಾಡಿಯನ್ನು ಸುತ್ತು ಹಾಕಿದರು. ಬಗ್ಗಿ ಹೊಟ್ಟೆ ನೋಡಿದರು. ಬೇಳೆ ಮುಟ್ಟಿ ನೋಡುವ ಹಾಗೆ ಟೈರನ್ನು ಮುಟ್ಟಿ ನೋಡಿದರು. ಎರಡು ಇಂಚು ಸಾಕು ಎಂದು ಕೊನೆಗೆ ನಿರ್ಧರಿಸಿದರು. ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಹುಟ್ಟಿದಾಗಿನಿಂದ ತೂಕದ ತಕ್ಕಡಿಯ ಮುಂದೆ ಕೂತ ಮನುಷ್ಯ, ಬಾಯಿಯಿಂದ ತಾನಾಗಿ ಬಂದುಬಿಟ್ಟಿತು:

"ಎರಡು ಇಂಚು ಹಾಕು. ಮ್ಯಾಲ ಕೊಸರು ಹಾಕು."

ನಮ್ಮ ಕಡೆಯ ಸಂತೆಗೆ ಬಂದವರಿಗೆ ಕೊಸರು ಗೊತ್ತಿರುತ್ತದೆ. ಅಳತೆ ಮುಗಿದ ಮೇಲೆ, ತಕ್ಕಡಿ ಸಮ ನಿಂತ ಮೇಲೆ, ಮಾರುವವನು ಸುಮ್ಮನೆ ಒಂದು ಹಿಡಿ ಮೇಲೆ ಹಾಕಬೇಕು. ಹಾಕದಿದ್ದರೆ ಕೊಂಡವನು ಚೀಲದ ಬಾಯಿ ಮುಚ್ಚುವುದಿಲ್ಲ. ಮೈಲಾರಲಿಂಗ ಒಂದು ಕ್ಷಣ ಸ್ಪ್ಯಾನರು ಕೆಳಗಿಟ್ಟ. ಬೇಳೆಗೆ ಕೊಸರು ಕೇಳಿದ್ದೇನೆ, ಬದನೆಕಾಯಿಗೆ ಕೇಳಿದ್ದೇನೆ, ಕಬ್ಬಿಣಕ್ಕೆ ಇವತ್ತೇ ಕೇಳಿದ್ದು ಎಂದ. ಕೊಸರಿಲ್ಲದೆ ನಮ್ಮ ಮನೆಗೆ ಉಪ್ಪೂ ಬಂದಿಲ್ಲ ಎಂದರು ಸಿದ್ದರಾಮಪ್ಪ. ಮೈಲಾರಲಿಂಗನಿಗೆ ಇದು ತನ್ನ ಧಾರಾಳತನಕ್ಕೆ ಒಡ್ಡಿದ ಸವಾಲಿನಂತೆ ಕಂಡಿತು. ಆಯಿತು, ಹಾಕುತ್ತೇನೆ ಎಂದ.

ಗಾಡಿ ಗ್ಯಾರೇಜಿನಲ್ಲಿ ಉಳಿಯಿತು. ಅಷ್ಟರಲ್ಲಿ ಮಗ ನಿಲೇಶ, ಪಿಕಪ್ಪು ಓಡಿಸುವವನು ಅವನೇ, ಅಪ್ಪನಿಗೆ ತಿಳಿಸದೆ ಮೈಲಾರಲಿಂಗನಿಗೆ ಫೋನು ಮಾಡಿ, ಹಿಂದಿನ ಭಾಗ ಇನ್ನೊಂದಿಷ್ಟು ಎದ್ದರೆ ನೋಡಲು ಚಂದ ಎಂದು ಹೇಳಿದ. ಸಿದ್ದರಾಮಪ್ಪನವರ ಹೆಂಡತಿ ದ್ರೌಪದಿಬಾಯಿ ಆ ದಾರಿಯಲ್ಲಿ ಹೋಗುವವರ ಕೈಯಲ್ಲಿ, ಆ ಉಬ್ಬಿನ ಸುದ್ದಿಯೇ ಗಾಡಿಗೆ ಹತ್ತಬಾರದು, ಹಾಗೆ ಮಾಡಿರಿ ಎಂದು ಹೇಳಿ ಕಳಿಸಿದರು. ಎಲ್ಲಕ್ಕಿಂತ ಹೆಚ್ಚಿನದು ದಾಮೋದರರಾಯರದ್ದು. ಕಾಯದೆಯ ಉಲ್ಲಂಘನೆ ಎಲ್ಲಿಗೆ ಬಂತು ಎಂದು ತನಿಖೆ ಮಾಡಲು ಹೋದ ಅವರು, ಅಲ್ಲಿ ಚಹಾ ಕುಡಿದು, ಮೈಲಾರಲಿಂಗನಿಗೆ ಒಂದು ಸೂಕ್ಷ್ಮ ತಿಳಿಸಿಕೊಟ್ಟರು. ಎರಡು ಇಂಚು ಎತ್ತಿದರೂ ಅದೇ ಕಲಮು, ಆರು ಇಂಚು ಎತ್ತಿದರೂ ಅದೇ ಕಲಮು. ಹೇಗೂ ಮುರಿಯುವುದಾದರೆ ಕಾಯದೆಯನ್ನು ಪೂರ್ತಿ ಮುರಿಯುವುದೇ ಹಿತ.

ಎಲ್ಲರೂ ಒಂದೊಂದು ಹಿಡಿ ಹಾಕಿದ್ದಾರೆ, ಕೆಲಸ ಮಾಡುವವನು ನಾನು, ನಾನೊಬ್ಬ ಹಾಕದಿದ್ದರೆ ಹೇಗೆ ಎಂದುಕೊಂಡು ಮೈಲಾರಲಿಂಗ ತನ್ನ ಲೆಕ್ಕದ್ದೂ ಒಂದು ಹಾಕಿದ.

ಕುಬಸದ ಹಿಂದಿನ ದಿನ ಗಾಡಿ ಗಲ್ಲಿಗೆ ಬಂತು.

ನಾನು ಆಗ ಗಿರಾಕಿಗೆ ವಿಭೂತಿ ಕಟ್ಟುತ್ತಿದ್ದೆ. ಅಂಗಡಿಯೊಳಗೆ ಒಮ್ಮೆಲೇ ಕತ್ತಲಾಯಿತು. ತಲೆಯೆತ್ತಿ ನೋಡಿದರೆ ಪಿಕಪ್ಪು. ಮುಂಭಾಗ ಎತ್ತರ, ಹಿಂಭಾಗ ಅದಕ್ಕಿಂತ ಎತ್ತರ. ಅಂಬಾರಿ ಹೊತ್ತ ಆನೆ ಸೊಂಡಿಲು ತಗ್ಗಿಸಿ ಯಾರಿಗೋ ಗುಟ್ಟು ಹೇಳುವಂತೆ ನಿಂತಿತ್ತು. ಹಮಾಲರು ಚೀಲ ಬಿಟ್ಟು ಬಂದರು. ನಾಯಿಯೊಂದು ಗಾಡಿಯ ಅಡಿಯಿಂದ ತಲೆ ಬಗ್ಗಿಸದೆ ಆಚೆ ಹೋಯಿತು. ಯಾರೋ ಇದರ ಮೇಲೆ ಗಣಪತಿ ಕೂರಿಸಬಹುದು ಎಂದರು, ಇನ್ನಾರೋ ಇದರ ಕೆಳಗೇ ಕೂರಿಸಬಹುದು ಎಂದರು.

ದ್ರೌಪದಿಬಾಯಿ ಹೊರಬಂದು ಬಾಗಿಲು ತೆರೆದರು. ಸೀಟು ಅವರ ಗದ್ದಕ್ಕೆ ಬಂತು. ಒಂದು ಕ್ಷಣ ಸೀಟನ್ನೂ ಗಂಡನನ್ನೂ ನೋಡಿದರು. ಇದನ್ನು ಹತ್ತಲಿಕ್ಕೆ ತಾವು ಮಂಗ್ಯಾ ಅಲ್ಲ ಎಂದು ತಿಳಿಸಿ, ಬಾಗಿಲು ಹಾಕಿ, ಸಂಜೆಯ ಎಸ್.ಟಿ. ಬಸ್ಸಿಗೆ ಅಕ್ಕಲಕೋಟಕ್ಕೆ ಹೊರಟೇಹೋದರು. ಹೋಗುವಾಗ ಒಂದೇ ಮಾತು ಕೇಳಿದರು. ನಾನು ಮುಪ್ಪಾಗುತ್ತಿರುವ ಹೆಂಗಸು, ಹೋಗಲಿ. ಏಳು ತಿಂಗಳ ಬಸುರಿ ಮಗಳು ಇದನ್ನು ಹೇಗೆ ಹತ್ತುತ್ತಾಳೆ?

ಹೊಟ್ಟೆ ತಾಗಬಾರದು ಎಂಬುದನ್ನು ಎಲ್ಲರೂ ಯೋಚಿಸಿದ್ದೆವು. ಹೊಟ್ಟೆ ಹೊತ್ತವಳು ಹತ್ತಬೇಕು ಎಂಬುದನ್ನು ಒಬ್ಬರೂ ಯೋಚಿಸಿರಲಿಲ್ಲ. ಇಡೀ ಗಲ್ಲಿಯೇ, ದಾಮೋದರರಾಯರನ್ನೂ ಸೇರಿಸಿ, ಗಾಡಿಯ ಮುಂದೆ ಬಾಯಿ ತೆರೆದು ನಿಂತಿತು.

ಸೂರ್ಯನ ದಾರಿಗೇ ಅಡ್ಡ ಬೆಳೆದ ಬೆಟ್ಟವೊಂದಕ್ಕೆ ಋಷಿಯೊಬ್ಬರು ಬಂದು, ನಾನು ತಿರುಗಿ ಬರುವ ತನಕ ಹೀಗೇ ಬಾಗಿರು ಎಂದು ಹೇಳಿ, ಮರಳಿ ಬಾರದೆ ಹೋದರೆಂದು ಪುರಾಣದಲ್ಲಿ ಕೇಳಿದ್ದೇನೆ. ಆ ಕಾಲದಲ್ಲಿ ಬೆಟ್ಟಗಳು ಮಾತು ಕೇಳುತ್ತಿದ್ದವು, ಋಷಿಗಳೂ ಸಿಗುತ್ತಿದ್ದರು. ಈ ಕಾಲದಲ್ಲಿ ಗಾಡಿಯನ್ನು ಬೆಳೆಸಿದ ಮೈಲಾರಲಿಂಗನೇ ಗತಿ. ಸಿದ್ದರಾಮಪ್ಪ ಅವನಲ್ಲಿಗೆ ಓಡಿದರು. ಎರಡು ಇಂಚು ಮಾತ್ರ ಉಳಿಸಿ ಮಿಕ್ಕಿದ್ದು ತೆಗೆ ಎಂದರು. ಮೈಲಾರಲಿಂಗ ನೊಂದುಕೊಂಡ. "ಸಾವಕಾರ್ರ, ಹಾಕಿದ ಕೊಸರು ತಿರಗಿ ತಗೊಳ್ಳೂದು ನಿಮ್ಮ ಅಂಗಡ್ಯಾಗ ಐತೇನ್ರಿ?" ಎಂದ. ಸಿದ್ದರಾಮಪ್ಪನವರ ಅಂಗಡಿಯಲ್ಲಿ ಅದು ಇರಲಿಲ್ಲ. ಇನ್ನೊಬ್ಬರ ಅಂಗಡಿಯಲ್ಲಿ ಅದನ್ನು ಕೇಳುವುದು ನ್ಯಾಯವೂ ಅಲ್ಲ. ಎರಡು ಚೀಲ ಜಾಸ್ತಿ ಹೇರಿದರೆ ಗಾಡಿ ಬೆಣ್ಣೆಯಂತೆ ಹೋಗುತ್ತದೆ ಎಂಬ ಉಪದೇಶ ಪಡೆದು ಅವರು ಬರಿಗೈಲಿ ಬಂದರು.

ಮರುದಿನ ಬೆಳಿಗ್ಗೆ ಪಾರ್ವತಿಬಾಯಿ ನೀಲಿ ಇರಕಲ್ ಸೀರೆ ಉಟ್ಟು, ಕೌದಿಯ ಗಂಟು ಹಿಡಿದು ಹೊರಬಂದರು. ಆ ಗಾಡಿಯಲ್ಲಿ ಮುಂದಿನ ಸೀಟು ಅವರದು. ಅವರು ಹೊರಟ ದಿನ ಬೇರೆ ಯಾರೂ ಅಲ್ಲಿ ಕೂತದ್ದಿಲ್ಲ. ಹಮಾಲ ನಿಂಗಣ್ಣ, ಕ್ವಿಂಟಲ್ ಚೀಲವನ್ನು ಒಂದೇ ಏಟಿಗೆ ಬೆನ್ನಿಗೆ ಹಾಕುವವನು, ಹತ್ತಿರ ಬಂದು, ಅವ್ವಾರ, ನೀವು ಹೂಂ ಅನ್ರಿ, ಹೂವಿನಂಗ ಎತ್ತಿ ಕುಂದ್ರಸತೀನಿ ಎಂದು ಕೈ ಚಾಚಿದ.

"ದೂರ ಸರಿಯೋ," ಎಂದರು ಪಾರ್ವತಿಬಾಯಿ. "ನನ್ನ ಎತ್ತೂದು ಒಂದ ಸಲ. ಆವಾಗ ನಾಕು ಮಂದಿ ಬರ್ರಿ, ನಾನೇನೂ ತಕರಾರು ಮಾಡಾಂಗಿಲ್ಲ."

ನಿಂಗಣ್ಣ ಕೈ ಕಟ್ಟಿಕೊಂಡ. ಅಜ್ಜಿ ಸುತ್ತ ನೋಡಿದರು. ನೋಡಿ, ಸೀದಾ ಅಂಗಡಿಯೊಳಗೆ ನಡೆದರು. ನಮ್ಮ ಬಜಾರದ ಅಂಗಡಿಗಳಿಗೆಲ್ಲ ಮುಂದೆ ಎದೆಮಟ್ಟದ ಕಟ್ಟೆ ಇರುತ್ತದೆ. ಲಾರಿಯನ್ನು ಹಿಮ್ಮುಖವಾಗಿ ತಂದು ಹಚ್ಚಿದರೆ ಚೀಲ ಎತ್ತುವ ಕೆಲಸವಿಲ್ಲ, ಉರುಳಿಸಿದರೆ ಸಾಕು. ಪಾರ್ವತಿಬಾಯಿ ಆ ಕಟ್ಟೆಯ ಮೇಲೆ ಬಂದು ನಿಂತು, ಗಾಡಿಯನ್ನು ಪಕ್ಕಕ್ಕೆ ಹಚ್ಚು ಎಂದು ಮೊಮ್ಮಗನಿಗೆ ಹೇಳಿದರು. ಹಚ್ಚಿದ. ಬಾಗಿಲು ತೆರೆದ. ಅಡುಗೆಮನೆಯಿಂದ ದೇವರಮನೆಗೆ ಕಾಲಿಟ್ಟಷ್ಟು ಸುಲಭವಾಗಿ ಅವರು ಕಾಲಿಟ್ಟು ಕೂತರು. ಐವತ್ತು ವರ್ಷ ನೋಡಿಕೊಂಡು ಬಂದ ಮನೆತನದ ಕಟ್ಟೆಯಿಂದ ತೊಗರಿಯ ಚೀಲದಂತೆ ತಾವೇ ಲೋಡಾಗಬೇಕಾಯಿತಲ್ಲ ಎಂದು ವಳಸಂಗದ ತನಕ ಗೊಣಗುತ್ತಿದ್ದರು ಎಂದು ಆಮೇಲೆ ನಿಲೇಶ ಹೇಳಿದ.

ನಾನೂ ಸಿದ್ದರಾಮಪ್ಪನವರೂ ಹಿಂದೆ, ಬೇಳೆಯ ಚೀಲಗಳ ಮೇಲೆ, ಕುಬಸದ ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆವು. ಗಾಡಿ ಎತ್ತಿಸಿದ ಮಾಲಕರು ಸೀಟಿನಲ್ಲಿಲ್ಲ, ಬಯಲಿನಲ್ಲಿ. ಸುತ್ತಲಿನ ಹೊಲ, ಕಬ್ಬು, ಎದುರಿನ ಬಸ್ಸಿನ ಟಾಪು ಎಲ್ಲ ನಮಗೆ ಕೆಳಗೆ ಕಾಣುತ್ತಿತ್ತು. ಒಂದೆರಡು ಬೇವಿನ ಟೊಂಗೆಗಳು ನಮ್ಮ ಮುಖ ಒರೆಸಿ ಹೋದವು.

ವಳಸಂಗದ ಹತ್ತಿರ ಟ್ರಾಫಿಕ್ ಪೊಲೀಸನೊಬ್ಬ ಕೈ ಅಡ್ಡ ಹಿಡಿದ. ಗಾಡಿಯನ್ನು ಒಂದು ಸುತ್ತು ಬಂದ. ಇದನ್ನು ಯಾರು ಇಷ್ಟು ಎತ್ತರ ಮಾಡಿದ್ದು ಎಂದು ಮರಾಠಿಯಲ್ಲಿ ಗದರಿದ. ಮುಂದಿನ ಕಿಟಕಿಯಿಂದ ಪಾರ್ವತಿಬಾಯಿ ಕೆಳಗೆ ನೋಡಿದರು. ಅವರಿಗೆ ಕಂಡದ್ದು ಬರೀ ಟೋಪಿ. "ಆಜಿ, ಖಾಲಿ ಉತರಾ," ಎಂದು ಟೋಪಿ ಹೇಳಿತು. ಗಾಡಿ ಪರೀಕ್ಷಿಸಬೇಕು, ಎಲ್ಲರೂ ಇಳಿಯಬೇಕು.

"ಇಳೀತೀನಪಾ," ಎಂದರು ಪಾರ್ವತಿಬಾಯಿ. "ಆದ್ರ ಆಮ್ಯಾಗ ಹತ್ತಸಾವ್ರು ಯಾರು? ನೀ ಹತ್ತಸತೀಯೇನು? ನನ್ನ ಮೊಮ್ಮಗಳ ಕುಬಸಾ ಐತಿ, ಹೊತ್ತು ಮೀರಿದ್ರ ನಿನ್ನ ಹೆಸರ ಹೇಳತೀನಿ ಆಕಿಗೆ."

ಅವನಿಗೆ ಕನ್ನಡ ಬರುತ್ತಿತ್ತು. ತಂಗಿಯೂ ಇದ್ದಿರಬೇಕು. ಹೊಟ್ಟೆ ಮುಟ್ಟಿ ನೋಡುವ ವೈದ್ಯನಂತೆ ಒಮ್ಮೆ ಗಾಡಿಯ ಅಡಿ ನೋಡಿ, ನಾಳೆಯೇ ಇದನ್ನು ಮೊದಲಿನಂತೆ ಮಾಡಿಸಬೇಕು, ಇಲ್ಲವಾದರೆ ಗಾಡಿ ಹಿಡಿದು ನಿಲ್ಲಿಸುತ್ತೇನೆ ಎಂದು ನಿಲೇಶನಿಗೆ ತಾಕೀತು ಮಾಡಿ ಬಿಟ್ಟ. ನಿಲೇಶ ಹೂಂ ಎಂದ. ಅವನ ಅಪ್ಪ ಹಿಂದಿನಿಂದ ಅಭ್ಯಾಸಬಲದಲ್ಲಿ "ಆಗಲಿ" ಎಂದರು.

ಅಕ್ಕಲಕೋಟದ ಗಲ್ಲಿಗೆ ತಿರುಗಿದಾಗ ಹಣಮಂತಪ್ಪನವರು ಕಟ್ಟೆಯ ಮೇಲಿದ್ದರು. ಹೊಸ ಟೋಪಿ, ಇಸ್ತ್ರಿಯ ಧೋತರ. ಬೀಗರ ಗಾಡಿ ಬಡಿದುಕೊಳ್ಳುವುದನ್ನು ನೋಡಲೆಂದು ನಾಲ್ಕು ಮಂದಿ ನೆಂಟರನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ನಿಲೇಶ ವೇಗ ತಗ್ಗಿಸಲಿಲ್ಲ. ಸಿದ್ದರಾಮಪ್ಪ ಕಣ್ಣು ಮುಚ್ಚಿ ಸಿದ್ಧೇಶ್ವರನನ್ನು ನೆನೆದರು. ಮುಂದಿನ ಗಾಲಿ ಉಬ್ಬು ಹತ್ತಿತು, ಇಳಿಯಿತು. ಹಿಂದಿನ ಗಾಲಿ ಹತ್ತಿತು, ಇಳಿಯಿತು. ಸಪ್ಪಳವಿಲ್ಲ. ತಟ್ಟೆಯಲ್ಲಿಟ್ಟ ಕರ್ಚಿಕಾಯಿ ಒಂದೂ ಉರುಳಲಿಲ್ಲ. ನೆಂಟರಲ್ಲಿ ಒಬ್ಬರು ತಡೆಯಲಾರದೆ ವಾಹ್ ಎಂದುಬಿಟ್ಟರು. ಹಣಮಂತಪ್ಪನವರು ಅವರ ಕಡೆ ನೋಡಿದ ನೋಟಕ್ಕೆ ಅವರು ಊಟದ ತನಕ ಮತ್ತೆ ಬಾಯಿ ತೆರೆಯಲಿಲ್ಲ.

ಗೆದ್ದೆವು ಎಂದುಕೊಂಡೆ. ಆಗ ಪಾರ್ವತಿಬಾಯಿ ಇಳಿಯಬೇಕಾಯಿತು.

ಮೊದಲು ಸ್ಟೂಲು ಬಂತು, ಅದು ಅಲುಗಾಡಿತು. ಕುರ್ಚಿ ಬಂತು, ಅದು ಪ್ಲಾಸ್ಟಿಕ್ಕಿನದು, ಅಜ್ಜಿ ಅದನ್ನು ಒಪ್ಪಲಿಲ್ಲ. ಅಳಿಯ ಎತ್ತಿ ಇಳಿಸುತ್ತೇನೆ ಎಂದು ಬಂದ. ಅವನಿಗೂ ನಿಂಗಣ್ಣನಿಗೆ ಸಿಕ್ಕ ಉತ್ತರವೇ ಸಿಕ್ಕಿತು. ಗಲ್ಲಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಹಣಮಂತಪ್ಪನವರ ಮುಖದಲ್ಲಿ ಮೆಲ್ಲನೆ ಬೆಳಕು ಮೂಡತೊಡಗಿತು.

ಆ ಗಲ್ಲಿಯಲ್ಲಿ ಆ ಸೀಟಿನ ಮಟ್ಟಕ್ಕೆ ಇದ್ದದ್ದು ಒಂದೇ ಜಾಗ. ಅದರ ಮೇಲೆ ಹಣಮಂತಪ್ಪನವರು ಕೂತಿದ್ದರು.

ಇದು ಸಿದ್ದರಾಮಪ್ಪನವರಿಗೂ ಹೊಳೆಯಿತು. ಬೀಗರೆ, ಸ್ವಲ್ಪ ಏಳುತ್ತೀರಾ ಎಂದು ಕೇಳಬೇಕು, ಅಷ್ಟೇ. ಚೀಲದ ಮೇಲಿಂದ ಇಳಿದರು, ಕಟ್ಟೆಯ ಮುಂದೆ ಕೈ ಜೋಡಿಸಿ ನಿಂತರು, ಬಾಯಿ ತೆರೆದರು, ಮುಚ್ಚಿದರು. ಹೆಣ್ಣು ಕೊಟ್ಟವರು ಗಂಡಿನ ತಂದೆಯನ್ನು ಅವರದೇ ಕಟ್ಟೆಯ ಮೇಲಿಂದ ಏಳಿರಿ ಎನ್ನುವುದುಂಟೇ. ಹಣಮಂತಪ್ಪನವರಿಗೂ ವಿಷಯ ಗೊತ್ತಾಗಿತ್ತು. ಅವರು ಇನ್ನೊಂದು ಕಾಲನ್ನೂ ಮೇಲೆ ಮಡಚಿ ಇನ್ನಷ್ಟು ಭದ್ರವಾಗಿ ಕೂತರು.

ಮೇಲಿನಿಂದ ಪಾರ್ವತಿಬಾಯಿ ನಿಲೇಶನಿಗೆ ಏನೋ ಹೇಳಿದರು. ಗಾಡಿ ಹಿಮ್ಮುಖವಾಗಿ ಚಲಿಸತೊಡಗಿತು. ಹಿಂದಕ್ಕೆ ಹೋಗುವಾಗ ಅದು ಒಂದು ಭಜನೆಯ ಧಾಟಿ ಬಾರಿಸುತ್ತದೆ. ಭಜನೆ ಕಟ್ಟೆಯ ಹತ್ತಿರ ಬಂತು. ನೆಂಟರು ಒಬ್ಬೊಬ್ಬರಾಗಿ ಎದ್ದು ಒಳಗೆ ಸರಿದರು. ಹಣಮಂತಪ್ಪನವರು ಮಾತ್ರ ನೀರಿನ ಟಾಕಿಯ ಕಡೆ ನೋಡುತ್ತ ಅಲುಗದೆ ಇದ್ದರು. ಭಜನೆ ಇನ್ನೂ ಹತ್ತಿರ ಬಂತು. ಗಾಡಿಯ ಪಕ್ಕದ ಕನ್ನಡಿ ಅವರ ಹೊಸ ಟೋಪಿಯ ಅಂಚನ್ನು ಮೆಲ್ಲಗೆ ಮುಟ್ಟಿ, ಅದನ್ನು ತಲೆಯಿಂದ ಇಷ್ಟಿಷ್ಟೇ ಬದಿಗೆ ಸರಿಸತೊಡಗಿತು. ಟೋಪಿಯೋ ಕಟ್ಟೆಯೋ ಎಂಬ ಪ್ರಶ್ನೆ ಬಂದಾಗ ಮಾನವಂತರು ಟೋಪಿಯನ್ನೇ ಹಿಡಿಯುತ್ತಾರೆ. ಹಣಮಂತಪ್ಪನವರು ಟೋಪಿ ಹಿಡಿದು ಎದ್ದರು.

"ಬೀಗರು ಎದ್ದರು" ಎಂದು ಎದುರುಮನೆಯ ಹೆಂಗಸು ಒಳಗಿದ್ದವರಿಗೆ ಕೂಗಿ ಹೇಳಿದ್ದು ನಮಗೆಲ್ಲ ಕೇಳಿಸಿತು.

ಪಾರ್ವತಿಬಾಯಿ ಬಾಗಿಲು ತೆರೆದು ಕಟ್ಟೆಯ ಮೇಲೆ ಕಾಲಿಟ್ಟರು, ಸೆರಗು ಸರಿ ಮಾಡಿಕೊಂಡರು, ಬೀಗರಿಗೆ ಶರಣು ಮಾಡಿ ಒಳಗೆ ನಡೆದರು. ಹಿರಿಯರಿಗೆ ಮರ್ಯಾದೆ ಕೊಡಲೆಂದೇ ನಾನು ಎದ್ದದ್ದು ಎಂದು ಹಣಮಂತಪ್ಪನವರು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಯಾರೂ ಅಲ್ಲ ಎಂದಿರಲಿಲ್ಲ.

ಕುಬಸ ಚೆನ್ನಾಗಿ ಆಯಿತು. ಹಸಿರು ಸೀರೆ, ಹಸಿರು ಬಳೆ, ಐದು ನಮೂನೆಯ ಬುತ್ತಿ. ಹಾಡುವ ಹೆಂಗಸರು ತವರಿನ ಹಾಡು ಹಿಡಿದಾಗ ಪ್ರಣಿತಾ ಅಜ್ಜಿಯ ಮಗ್ಗುಲಿಗೆ ಸರಿದು ಕೂತಳು. ಅವಳ ಗಂಟು ಕಟ್ಟಿ ತಯಾರಾಗಿತ್ತು. ಊಟವಾಗಿ ಎಲೆ-ಅಡಕೆ ಮುಗಿದ ಮೇಲೆ, ಇನ್ನು ಹೊರಡುತ್ತೇವೆ ಎಂದು ಸಿದ್ದರಾಮಪ್ಪ ಕೈ ಜೋಡಿಸಿದರು.

ಹಣಮಂತಪ್ಪನವರು ಅಡಕೆ ಅಗಿದರು. ಆ ಬೆಟ್ಟವನ್ನು ನಮ್ಮ ಸೊಸೆ ಹತ್ತಬೇಕೇ ಎಂದು ಕೇಳಿದರು. ಹೋದ ಸಲ ನಿಮ್ಮ ಗಾಡಿ ಪಾತಾಳದಲ್ಲಿತ್ತು, ಈ ಸಲ ಮುಗಿಲಿನಲ್ಲಿದೆ. ಮನುಷ್ಯರು ಇರುವ ಮಟ್ಟಕ್ಕೆ ಅದು ಬಂದ ದಿನ ಬಂದು ಕರೆದುಕೊಂಡು ಹೋಗಿರಿ ಎಂದರು. ಇದನ್ನು ಕೇಳಿ ನನಗೇ, ಕಂಬಕ್ಕೊರಗಿ ಕೇಳಿಯೇ ಜನ್ಮ ಕಳೆದವನಿಗೆ, ಎದ್ದು ನಿಲ್ಲುವಂತಾಯಿತು. ನೆಲಕ್ಕೆ ತಾಗಬಾರದು ಎಂದವರೂ ಇವರೇ, ಮೇಲಕ್ಕೆ ಹೋಗಬಾರದು ಎಂದವರೂ ಇವರೇ. ಹೇಳಿದ ಕೂಡಲೆ ಸೊಸೆಯನ್ನು ಕಳಿಸಿಕೊಟ್ಟರೆ ಗಂಡಿನ ಕಡೆಯವರ ತೂಕ ಎಲ್ಲಿ ಉಳಿಯಿತು ಎಂಬುದೊಂದೇ ಇದರೊಳಗಿನ ತತ್ವ. ಇಂಥವರಿಗೆ ಗಾಡಿಯನ್ನಲ್ಲ, ರಸ್ತೆಯನ್ನೇ ಎತ್ತಿ ಕೊಟ್ಟರೂ ಅದಕ್ಕೊಂದು ಉಬ್ಬು ಹಾಕಿಯಾರು.

ಸಿದ್ದರಾಮಪ್ಪ ಏನೆಂದರು ಎಂದು ಹೇಳಬೇಕಾಗಿಲ್ಲ.

ಆದರೆ ಆ "ಆಗಲಿ ಬೀಗರ" ಮುಗಿಯುವುದರೊಳಗೆ ಪ್ರಣಿತಾ ಎದ್ದಿದ್ದಳು. ಹೊಸ್ತಿಲು ದಾಟಿ ಕಟ್ಟೆಗೆ ಬಂದಳು. ಕಟ್ಟೆಗೆ ಹಚ್ಚಿದ ಗಾಡಿ ಹಾಗೇ ಇತ್ತು, ಬಾಗಿಲೂ ತೆರೆದೇ ಇತ್ತು. ಹತ್ತಲಿಲ್ಲ, ಬಗ್ಗಲಿಲ್ಲ, ಯಾರ ಕೈಯನ್ನೂ ಹಿಡಿಯಲಿಲ್ಲ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದಂತೆ ಹೋಗಿ ಕೂತು, ಸೀರೆಯ ನೆರಿಗೆ ಸರಿ ಮಾಡಿಕೊಂಡಳು. "ಹತ್ತೂದು ಎಲ್ಲೈತ್ರಿ ಮಾವಾರ," ಎಂದಳು, ಸಮಾಧಾನವಾಗಿ. ಹಿಂದೆಯೇ ಪಾರ್ವತಿಬಾಯಿ ಕೌದಿಯ ಗಂಟಿನ ಸಮೇತ ಹೋಗಿ ಬಾಗಿಲು ಹಾಕಿಕೊಂಡರು. ದ್ರೌಪದಿಬಾಯಿ ಹಿಂದಿನ ಚೀಲಗಳ ಮೇಲೆ, ನಾನು ಅವರ ಪಕ್ಕದ ಬುಟ್ಟಿಗಳ ನಡುವೆ. ಕೊನೆಗೆ ಸಿದ್ದರಾಮಪ್ಪ, ಏನಾಗುತ್ತಿದೆ ಎಂದು ಪೂರ್ತಿ ತಿಳಿಯದೆ, ಕಟ್ಟೆಯಿಂದ ಹಿಂದಕ್ಕೆ ಕಾಲಿಟ್ಟು ಸರಳು ಹಿಡಿದು ನಿಂತರು. ನಿಲೇಶ ಗಾಡಿ ಬಿಟ್ಟ.

ಉಬ್ಬು ಹತ್ತಿತು, ಇಳಿಯಿತು. ಸಪ್ಪಳವಿಲ್ಲ.

ಗಲ್ಲಿಯ ಬಾಯಲ್ಲಿ ಎಮ್ಮೆಯೊಂದು ಅಡ್ಡ ನಿಂತಿತ್ತು. ಗಾಡಿ ನಿಲ್ಲಬೇಕಾಯಿತು. ಹಿಂದಿನಿಂದ ಹಣಮಂತಪ್ಪನವರು ಧೋತರದ ಚುಂಗು ಕೈಯಲ್ಲಿ ಹಿಡಿದು ಬರುತ್ತಿದ್ದರು. ಅವರು ಬೀಗರ ಹಿಂದೆ ನಡೆದುಕೊಂಡು ಬಂದದ್ದು ಅದೇ ಮೊದಲು. ಬಂದು ಗಾಡಿಯ ಕೆಳಗೆ ನಿಂತು ಮುಖ ಮೇಲೆತ್ತಿದರು. ಸಿದ್ದರಾಮಪ್ಪ ಬೇಳೆಯ ಚೀಲಗಳ ಮೇಲಿಂದ ಕೆಳಗೆ ನೋಡಿದರು. ಬೀಗರ ಟೋಪಿಯ ನೆತ್ತಿ ಹೇಗಿರುತ್ತದೆ ಎಂಬುದನ್ನು ಅವರು ಇಷ್ಟು ದಿನ ಕಂಡಿರಲಿಲ್ಲ. ಹೊಸದಾದರೂ ನಡುವೆ ಒಂದು ಕಡೆ ಹೊಲಿಗೆ ಬಿಟ್ಟಿತ್ತು.

"ಬೀಗರ, ಇವತ್ತ ದಿನಾ ಚಲೋ ಇಲ್ಲಂತ ಈಗ ಹೇಳ್ಯಾರ," ಎಂದರು ಹಣಮಂತಪ್ಪ. "ಗಾಡಿ ಹಿಂದಕ್ಕ ತಗೀರಿ, ಕಟ್ಟಿಗೆ ಹಚ್ಚರಿ, ಆಕೀನ್ನ ಇಳಸ್ರಿ. ಸೋಮವಾರ ನಾನ ಕಳಸತೀನಿ."

ಮುಂದಿನ ಕಿಟಕಿಯಿಂದ ಹಸಿರು ಬಳೆಯ ಕೈಯೊಂದು ಹೊರಗೆ ಬಂದು ಬಾಗಿಲಿನ ಅಂಚನ್ನು ಹಿಡಿದುಕೊಂಡಿತು. ನಿಲೇಶ ಕನ್ನಡಿಯಲ್ಲಿ ಅಪ್ಪನ ಮುಖ ನೋಡಿದ. ಸಿದ್ದರಾಮಪ್ಪ ಬಾಯಿ ತೆರೆದರು. ಆ ಬಾಯಿಂದ ಬರುವ ಎರಡು ಶಬ್ದ ನನಗೆ ಗೊತ್ತಿತ್ತು, ಗಲ್ಲಿಗೆ ಗೊತ್ತಿತ್ತು, ಹಣಮಂತಪ್ಪನವರಿಗಂತೂ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಅವರು ಆಗಲೇ ಕಟ್ಟೆಯ ಕಡೆಗೆ ಅರ್ಧ ತಿರುಗಿದ್ದರು.

"ಹೆಚ್ಚೇನಿಲ್ಲ," ಎಂದರು ತಿರುಗುತ್ತ. "ಬರೇ ಎರಡು ದಿನಾ ಕೊಸರು ಹಾಕ್ರಿ, ಅಷ್ಟ."

ಎಮ್ಮೆ ದಾರಿ ಬಿಟ್ಟಿತು.

"ಆಗೂದಿಲ್ಲ, ಬೀಗರ," ಎಂದರು ಸಿದ್ದರಾಮಪ್ಪ.